ಹಳ್ಳದ ಬಸವಣ್ಣನಿಗೆ ಕಾಣದ ಮಳೆ

ಮಳೆಗಾಲದಲ್ಲಿ ಹಳ್ಳ ದಾಟಿ ಹೊಲಕ್ಕೆ ಹೋಗುವ ತಾಯಂದಿರೇ, ಅವರು ಮರಳಿ ಬರುವ ತನಕ ಬಾಗಿಲಲ್ಲಿ ನಿಂತು ದಾರಿ ಕಾಯುವ ಅಣ್ಣಂದಿರೇ, ಈ ಕಥೆ ನಿಮ್ಮದು. ಸ್ವಲ್ಪ ಹತ್ತಿರ ಬಂದು ಕೂತು ಕೇಳಿ.

ಮುಂಡಗೋಡ ತಾಲ್ಲೂಕಿನ ಮಳಗಿಯಿಂದ ಒಳಗೆ ಹೋದರೆ ಹಳ್ಳದಕೊಪ್ಪ ಎಂಬ ಊರಿದೆ ಎಂದುಕೊಳ್ಳಿ. ಮನೆಗಳು ಹಳ್ಳದ ಈಚೆ, ಹೊಲಗಳು ಹಳ್ಳದ ಆಚೆ. ನಡುವೆ ಸೇತುವೆ ಇಲ್ಲ. ಚುನಾವಣೆ ಬಂದಾಗೊಮ್ಮೆ ಸೇತುವೆಯೂ ಬರುತ್ತದೆ, ಚುನಾವಣೆ ಮುಗಿದ ಮೇಲೆ ಅದೂ ಹೋಗುತ್ತದೆ. ಹಾಗಾಗಿ ಭತ್ತದ ಕಳೆ ಕೀಳಲು ಹೋಗುವ ಹೆಂಗಸರು ಸೀರೆ ಎತ್ತಿ ಕಟ್ಟಿ, ಒಬ್ಬರ ಕೈ ಒಬ್ಬರು ಹಿಡಿದು ನೀರಿಗಿಳಿಯಬೇಕು.

ಹಳ್ಳದ ನಟ್ಟನಡುವೆ ಒಂದು ಕಲ್ಲಿನ ಬಸವಣ್ಣ ಕೂತಿದ್ದಾನೆ. ಯಾರು ಯಾವಾಗ ಕೂಡಿಸಿದರೋ ಯಾರಿಗೂ ಗೊತ್ತಿಲ್ಲ. ಆದರೆ ಅವನ ಮಾತು ಊರಿಗೆಲ್ಲ ಗೊತ್ತು. ನೀರು ಬಸವಣ್ಣನ ಎದೆಯ ಕೆಳಗಿದ್ದರೆ ದಾಟಬಹುದು. ಕೊರಳಿನ ಗಂಟೆ ಮುಳುಗಿದರೆ ದಾಟಬಾರದು. ಇದನ್ನು ನೋಡಿ ಹೇಳುವ ಕೆಲಸ ಅಂದಾನೆಪ್ಪನವರ ಮನೆತನದ್ದು. ಬೆಳಿಗ್ಗೆ, ಸಂಜೆ ಅವರು ವಿಭೂತಿ ಹಚ್ಚಿಕೊಂಡು ದಂಡೆಗೆ ಬಂದು ನಿಲ್ಲುತ್ತಾರೆ. "ಬಸವಣ್ಣ ಹಾದಿ ಕೊಟ್ಟಾನ, ಬರ್ರೀ!" ಎಂದು ಅವರು ಕೂಗಿದ ಮೇಲೆಯೇ ಜನ ನೀರಿಗೆ ಕಾಲಿಡುವುದು.

ನಗಬೇಡಿ. ಇದು ಮೂಢನಂಬಿಕೆ ಅಲ್ಲ, ಹಿರಿಯರು ನೋಡಿ ನೋಡಿ ಕಲಿತ ವಿದ್ಯೆ. ಆಗ ಮಳೆ ಜಿಟಿಜಿಟಿ ಎಂದು ವಾರಗಟ್ಟಲೆ ಹಿಡಿಯುತ್ತಿತ್ತು. ಹಳ್ಳ ಮೆಲ್ಲಗೆ ಏರುತ್ತಿತ್ತು, ಬಸವಣ್ಣ ಮೆಲ್ಲಗೆ ಮುಳುಗುತ್ತಿದ್ದ, ಜನಕ್ಕೆ ತಿಳಿಯಲು ಸಮಯ ಸಿಗುತ್ತಿತ್ತು. ಈಗಿನ ಮಳೆಯ ರೀತಿಯೇ ಬೇರೆ. ಸುಡು ಸುಡು ಬಿಸಿಲು ಕಾಯುತ್ತದೆ, ಆಮೇಲೆ ಎಲ್ಲೋ ಮೇಲೆ ಕಾಡಿನಲ್ಲಿ ಒಂದೇ ಸಲಕ್ಕೆ ಸುರಿದುಬಿಡುತ್ತದೆ. ನಮ್ಮಲ್ಲಿ ಅಂಗಳ ಒಣಗಿಯೇ ಇರುತ್ತದೆ.

ಈ ಮಾತು ಹೇಳಲೆಂದೇ ಮಾರ್ಥಾ ಸಿದ್ದಿ ಒಂದು ದಿನ ಹಳ್ಳದಕೊಪ್ಪಕ್ಕೆ ಬಂದಳು. ಅವಳ ಊರು ಮಾವಿನಹಕ್ಕಲ, ಹಳ್ಳದ ಮೇಲ್ಭಾಗದಲ್ಲಿ, ಕಾಡಿನ ಅಂಚಿನಲ್ಲಿದೆ. ಅವಳು ಅಲ್ಲಿನ ಕೃಷಿ ಸಖಿ, ರೈತರ ಮನೆಮನೆಗೆ ಬೇಸಾಯದ ಮಾಹಿತಿ ಮುಟ್ಟಿಸುವವಳು. ಅಂದಾನೆಪ್ಪನವರ ಮನೆಯ ಕಟ್ಟೆಯ ಮೇಲೆ ಊರಿನ ಮಹಿಳಾ ಸಂಘದ ಹೆಂಗಸರು ಸೇರಿದ್ದರು. ಅಂದಾನೆಪ್ಪನವರ ಹೆಂಡತಿ ಮುದಕವ್ವ ಎಲ್ಲರಿಗೂ ಚಹಾ ಕೊಟ್ಟಳು. ಸೊಸೆ ನಿರ್ಮಲಾ ಚಾಪೆ ಹಾಸಿದಳು. ಅಂದಾನೆಪ್ಪನವರು ಕಂಬಕ್ಕೆ ಒರಗಿ, ಕೇಳಿಯೂ ಕೇಳದವರ ಹಾಗೆ ಎಲೆಗೆ ಸುಣ್ಣ ಹಚ್ಚುತ್ತಿದ್ದರು.

"ಮಳಿ ಬದಲಾಗೈತ್ರಿ," ಎಂದಳು ಮಾರ್ಥಾ. "ಬಸವಣ್ಣನ್ನ ಅಷ್ಟ ನೋಡಿ ದಾಟಿದ್ರ ಇನ್ ಮ್ಯಾಲ ಸಾಲೂದಿಲ್ಲ."

ಅಂದಾನೆಪ್ಪನವರ ಕೈ ನಿಂತಿತು. "ಮಳಿ ಬಂದ್ರ ಕೇಡಲ್ಲ, ಮಗಾ ಉಂಡ್ರ ಕೇಡಲ್ಲ ಅಂತ ಹಿರ್‍ಯಾರು ಹೇಳ್ಯಾರವಾ ತಂಗಿ. ಮಳಿಗೆ ಯಾಕ ಅಂಜಸ್ತಿ?"

"ಮಗಾ ಹೊತ್ತಹೊತ್ತಿಗೆ ಉಂಡ್ರ ಚಲೋ ಕಾಕಾ. ವಾರದ್ದೆಲ್ಲಾ ಒಂದ ಹೊತ್ತಿನ್ಯಾಗ ಉಂಡ್ರ ಏನಾಕ್ಕೈತಿ?"

ಹೆಂಗಸರು ನಕ್ಕರು. ಅಂದಾನೆಪ್ಪನವರು ನಗಲಿಲ್ಲ.

"ಯಾಕ ಹಿಂಗ ಆಗಾಕತ್ತೈತಿ ಹೇಳಬೇ," ಎಂದಳು ನಿರ್ಮಲಾ.

"ನೋಡ್ರಿ, ಕಲ್ಲಿದ್ದಲಿ, ಪೆಟ್ರೋಲು, ಡೀಸೆಲ್ ಸುಟ್ಟ ಹೊಗಿ ಆಕಾಶದಾಗ ಸೇರಿ ಭೂಮಿಗೆ ದುಪ್ಪಟಿ ಹೊಚ್ಚಿದಂಗ ಆಗೈತಿ. ಗಾಳಿ ಬೆಚ್ಚಗಾಗೈತಿ, ಸಮುದ್ರ ಬೆಚ್ಚಗಾಗೈತಿ. ಬೆಚ್ಚನ ಗಾಳಿ ಹೆಚ್ಚು ಆವಿ ಹೊರತೈತಿ. ಒಂದು ತೆಳು ಬಟ್ಟಿ ಪಂಜಿ ನೀರಾಗ ಅದ್ದಿ ಹಿಂಡ್ರಿ, ಒಂದು ಕಂಬಳಿ ಅದ್ದಿ ಹಿಂಡ್ರಿ. ಯಾವುದರಾಗ ನೀರು ಹೆಚ್ಚು ಬೀಳತೈತಿ? ಮದಲಿನ ಮಳಿ ಪಂಜಿ ಹಿಂಡಿದಂಗ ಇತ್ತು. ಈಗಿಂದು ಕಂಬಳಿ ಹಿಂಡಿದಂಗ."

ಪಕ್ಕದ ಮನೆಯ ಸಿದ್ದಲಿಂಗ ಬೀಡಿ ಹಚ್ಚಿಕೊಂಡು ಅಲ್ಲಿಯೇ ನಿಂತಿದ್ದ. ವಾದ ಎಂದರೆ ಅವನಿಗೆ ಹಬ್ಬದೂಟ. "ಹೊಗಿ ಬಿಡೂವ್ರು ದೊಡ್ಡ ದೊಡ್ಡ ಶಹರದವ್ರು, ದೊಡ್ಡ ದೊಡ್ಡ ದೇಶದವ್ರು. ಹಳ್ಳದಾಗ ಮುಳಗೂವ್ರು ನಾವು. ಇದ್ಯಾವ ನ್ಯಾಯ?"

"ನ್ಯಾಯ ಅಲ್ಲ ಅಣ್ಣಾ. ಖರೇನ ನ್ಯಾಯ ಅಲ್ಲ. ಹೊಗಿ ಕಡಿಮಿ ಮಾಡ್ರಿ ಅಂತ ಅವ್ರಿಗೆ ಕೇಳೂದು ಕೇಳೂಣು. ಆದ್ರ ನೀರು ಬರೂ ಮುಂದ ಹೊಗಿ ಯಾರದು ಅಂತ ಕೇಳಿ ಬರೂದಿಲ್ಲಲ್ಲ?"

"ಮತ್ತ ಆ ಮೊಬೈಲ್ ಸುದ್ದಿ? ಮೊನ್ನಿ ಭಾರಿ ಮಳಿ ಅಂದ್ರು. ನಾ ಗೊಬ್ಬರ ಹಾಕೂದು ಬಿಟ್ಟು ಕುಂತೆ. ಒಂದು ಹನಿ ಬೀಳಲಿಲ್ಲ. ಸುಳ್ಳಿನ ಸರದಾರರು!"

ಮಾರ್ಥಾ ಮುದಕವ್ವನ ಕಡೆ ತಿರುಗಿದಳು. "ದೊಡ್ಡವ್ವಾ, ನೀವು ಕೋಳಿ ಕಾವಿಗೆ ಕೂಡಸ್ತೀರಿ. ಹತ್ತು ತತ್ತಿ ಇಟ್ರ ಎಷ್ಟು ಮರಿ ಆಕ್ಕಾವು?"

"ಏಳು, ಎಂಟು. ಎಲ್ಲಾ ಎಲ್ಲಿ ಆಕ್ಕಾವ?"

"ಎರಡು ತತ್ತಿ ಕೆಟ್ಟೂ ಅಂತ ಕೋಳಿ ಸುಳ್ಳು ಹೇಳ್ತು ಅಂತೀರೇನು? ಹವಾಮಾನದವ್ರು ಹೇಳೂದೂ ಹಂಗ. ಬರೂ ಸಂಭವ ಐತಿ ಅಂತಾರ, ಬಂದ ಬರತೈತಿ ಅಂತ ಆಣಿ ಮಾಡೂದಿಲ್ಲ. ಸಂಭವ ಹೆಚ್ಚಿದ್ದಾಗ ಹುಷಾರ್ ಇರೂದು ನಮ್ಮ ಕೆಲಸ."

ಆಮೇಲೆ ಮಾರ್ಥಾ ತನ್ನ ಏರ್ಪಾಡು ಹೇಳಿದಳು. ಮಾವಿನಹಕ್ಕಲದ ಬಯಲಿನಲ್ಲಿ, ಮರದ ನೆರಳಿಲ್ಲದ ಕಡೆ, ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲದ ಡಬ್ಬಿ ಇಟ್ಟು ಅವಳು ಮಳೆ ಅಳೆಯುತ್ತಿದ್ದಳು. ತುಸು ಹೊತ್ತಿನಲ್ಲೇ ನೀರು ನಾಲ್ಕು ಬೆರಳಷ್ಟು ಏರಿದರೆ ನಿರ್ಮಲಾಗೆ ಫೋನ್ ಮಾಡುತ್ತಾಳೆ. ಮೇಲೆ ಬಿದ್ದ ನೀರು ಇಲ್ಲಿಗೆ ಬರಲು ಹೆಚ್ಚುಕಡಿಮೆ ಅರ್ಧ ತಾಸು ಬೇಕು. ಫೋನ್ ಬಂದರೆ ಬಸವಣ್ಣ ಹೇಗೇ ಇರಲಿ, ಯಾರೂ ಹಳ್ಳಕ್ಕೆ ಇಳಿಯಬಾರದು.

"ಡಬ್ಬಿ ಮಾತು ಕೇಳಿ ಬಸವಣ್ಣನ ಮಾತು ಬಿಡಬೇಕೇನು?" ಎಂದು ಅಂದಾನೆಪ್ಪನವರು ಎಲೆ ಬಾಯಿಗಿಟ್ಟು ಎದ್ದುಹೋದರು. ಸಭೆ ಅಲ್ಲಿಗೆ ಮುಗಿಯಿತು.

ಪುನರ್ವಸು ಮಳೆ ಶುರುವಾಯಿತು. ಶುರುವಾದದ್ದು ಪಂಚಾಂಗದಲ್ಲಿ ಮಾತ್ರ. ಹಳ್ಳದಕೊಪ್ಪದಲ್ಲಿ ಬೆವರು ಇಳಿಯುವ ಬಿಸಿಲಿತ್ತು. ಮುದಕವ್ವ, ನಿರ್ಮಲಾ ಮತ್ತು ಓಣಿಯ ಒಂದಷ್ಟು ಹೆಂಗಸರು ಬೆಳಿಗ್ಗೆ ಹಳ್ಳ ದಾಟಿ ಕಳೆಗೆ ಹೋದರು. ಮಳೆ ಬಂದರೆ ಇರಲಿ ಎಂದು ಮುದಕವ್ವ ತಲೆ ಮೇಲೆ ಹೊದೆಯುವ ಗೊಬ್ಬರದ ಚೀಲದ ಹಳದಿ ಕೊಪ್ಪೆ ಮಡಚಿ ಬಗಲಲ್ಲಿ ಇಟ್ಟುಕೊಂಡಿದ್ದಳು. ನಿರ್ಮಲಾ ಫೋನ್ ನೀರಿಗೆ ಬಿದ್ದೀತೆಂದು ಮಾವನ ಕೈಗೆ ಕೊಟ್ಟಿದ್ದಳು. "ಮಾರ್ಥಾಬಾಯಿ ಫೋನ್ ಮಾಡಿದ್ರ ನಮಗ ಹೇಳ್ರಿ ಮಾವಾರ," ಎಂದು ಹೇಳಿಯೂ ಹೋಗಿದ್ದಳು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ದಂಡೆಯಲ್ಲಿ ಬಿಸಿಲಿತ್ತು, ಪಡುವಣ ಕಾಡಿನ ಮೇಲೆ ಮಾತ್ರ ಆಕಾಶ ಕಪ್ಪಾಗಿತ್ತು. ಗಾಳಿ ನಿಂತಿತ್ತು. ದಂಡೆಯ ಹೊಂಗೆ ಮರದಲ್ಲಿ ಒಂದು ಹಕ್ಕಿಯೂ ಕೂಗುತ್ತಿರಲಿಲ್ಲ. ಅಂದಾನೆಪ್ಪನವರು ಮತ್ತೆ ಮತ್ತೆ ಆಚೆ ದಂಡೆಯ ಕಡೆ ನೋಡಿದರು. ಹೆಂಗಸರು ಆಚೆ ದಂಡೆಗೆ ಬಂದು ನಿಂತದ್ದು ಕಂಡು ಸಮಾಧಾನವಾಯಿತು. ಅಷ್ಟರಲ್ಲಿ ಅಂಗಿಯ ಕಿಸೆಯಲ್ಲಿದ್ದ ಫೋನ್ ಹೊಡೆದುಕೊಂಡಿತು.

"ಕಾಕಾ, ಮಾರ್ಥಾ ಮಾತಾಡಾಕತ್ತೇನಿ. ಡಬ್ಬಿ ತುಂಬಿ ಹರದೈತಿ. ಯಾರೂ ಹಳ್ಳಕ್ಕ ಇಳಿಯೂದು ಬ್ಯಾಡ..."

"ಆತು ಆತು, ಅರ್ಧ ತಾಸು ಐತೆಲ್ಲ."

"ಇಲ್ಲ ಕಾಕಾ, ಕೇಳ್ರಿ, ಇನ್ನೊಂದು..."

ಅಂದಾನೆಪ್ಪನವರು ಫೋನ್ ಕಿಸೆಗೆ ಹಾಕಿಬಿಟ್ಟಿದ್ದರು. ಬಸವಣ್ಣನನ್ನು ನೋಡಿದರು. ನೀರು ಎದೆಗಿಂತ ಎಷ್ಟೋ ಕೆಳಗೆ. ತಿಳಿನೀರು, ಕೆಳಗಿನ ಮರಳು ಕಾಣುತ್ತಿತ್ತು. ಅರ್ಧ ತಾಸಿನಲ್ಲಿ ಹಳ್ಳ ಹತ್ತು ಸಲ ದಾಟಬಹುದು ಎಂದುಕೊಂಡರು. ನೀರು ಬಂದ ಮೇಲೆ ಆಚೆ ಸಿಕ್ಕಿಬಿದ್ದು ಒದ್ದಾಡುವುದಕ್ಕಿಂತ ಈಗಲೇ ಬರಲಿ. ಫೋನ್ ಬಂದ ಸುದ್ದಿ ಹೇಳದೆ ಎರಡೂ ಕೈ ಎತ್ತಿ ಕೂಗಿದರು: "ಬಸವಣ್ಣ ಹಾದಿ ಕೊಟ್ಟಾನ, ಲಗೂ ಬರ್ರೀ!"

ಮುದಕವ್ವ ಹಿರಿಯಳು, ಯಾವತ್ತೂ ಅವಳೇ ಮುಂದೆ. ಅವಳ ಕೈ ಹಿಡಿದು ನಿರ್ಮಲಾ. ಹಿಂದೆ ಉಳಿದವರು. ಮುದಕವ್ವ ನಡುಹಳ್ಳಕ್ಕೆ ಬಂದು, ಎಂದಿನಂತೆ ಬಸವಣ್ಣನ ಡುಬ್ಬ ಮುಟ್ಟಿ ಹಣೆಗೆ ಒತ್ತಿಕೊಂಡಳು.

ಆಗ ನಿರ್ಮಲಾ ಕಾಲಿನ ಬಳಿ ನೋಡಿದಳು. ತಿಳಿಯಾಗಿದ್ದ ನೀರು ಕೆಂಪಗಾಗುತ್ತಿತ್ತು. ತರಗೆಲೆ ಬಂದವು, ಕಡ್ಡಿ ಬಂದವು, ನೊರೆ ಬಂತು. ಹಸಿ ಕಾಡುಮಣ್ಣಿನ ವಾಸನೆ ಮೂಗಿಗೆ ಹೊಡೆಯಿತು. ಇಲ್ಲಿ ಹನಿ ಬಿದ್ದಿರಲಿಲ್ಲ.

"ಅತ್ತೀ, ತಿರಗ್ರಿ! ನೀರು ಬಂತು, ಹಿಂದಕ್ಕ ನಡೀರಿ!"

"ಏ, ನಿಂದರಬ್ಯಾಡ್ರಿ, ಬರ್ರೀ!" ಎಂದು ಈಚೆ ದಂಡೆಯಿಂದ ಅಂದಾನೆಪ್ಪನವರ ಕೂಗು.

ಮುದಕವ್ವ ಗಂಡನ ಮುಖ ನೋಡಿದಳು, ಸೊಸೆಯ ಮುಖ ನೋಡಿದಳು. ಮದುವೆಯಾದಂದಿನಿಂದ ಆ ದಂಡೆಯ ಕೂಗು ಕೇಳಿ ಹಳ್ಳ ದಾಟಿದ ಜೀವ ಅದು. ಅಷ್ಟರಲ್ಲಿ ಮೇಲಿನ ತಿರುವಿನಲ್ಲಿ, ಆನೆಹಿಂಡು ಬಿದಿರಿನ ಮೆಳೆ ಮುರಿದಂತೆ ಸದ್ದಾಯಿತು.

ಆಮೇಲೆ ಅಂದಾನೆಪ್ಪನವರಿಗೆ ಕಂಡದ್ದು ನೀರು ಮಾತ್ರ. ಕೆಂಪು ನೀರು, ಬೇರುಸಹಿತ ಉರುಳಿ ಬರುವ ಮರ. ಬಸವಣ್ಣನ ಎದೆ ಹೋಯಿತು, ಗಂಟೆ ಹೋಯಿತು, ಕೋಡೂ ಹೋಯಿತು, ಒಂದು ಎಲೆ ಜಗಿಯುವಷ್ಟೂ ಹೊತ್ತಾಗಲಿಲ್ಲ. ಹಳ್ಳ ಬೊಬ್ಬೆ ಹೊಡೆಯುತ್ತಿತ್ತು. ಆಚೆ ಯಾರು ಇದ್ದಾರೆ, ಯಾರು ಇಲ್ಲ, ಏನೂ ತಿಳಿಯದು. ಅವರು ಕೂಗಿದ್ದು ಅವರಿಗೇ ಕೇಳಿಸಲಿಲ್ಲ.

ನೀರಿನ ಮೇಲೆ ಒಂದು ಹಳದಿ ಕೊಪ್ಪೆ ತಿರುಗುತ್ತ ತಿರುಗುತ್ತ ಬಂತು. ಅವರ ಕಣ್ಣೆದುರಿಗೇ ಹಾದು ಕೆಳಗೆ ಹೋಯಿತು.

ಅಂದಾನೆಪ್ಪನವರು ಕೆಸರಿನಲ್ಲಿ ಕುಸಿದು ಕೂತರು. ಓಡಿ ಬಂದವನು ಸಿದ್ದಲಿಂಗ. ಅವನ ಹಿಂದೆ ಅಂದಾನೆಪ್ಪನವರ ಮಗ, ನಿರ್ಮಲಾಳ ಗಂಡ ವೀರೇಶ. "ಅಪ್ಪಾ, ಅವ್ವ ಎಲ್ಲಿ? ನಿರ್ಮಲಾ ಎಲ್ಲಿ?" ಎಂದು ಅವನು ಹೆಗಲು ಹಿಡಿದು ಅಲುಗಿಸಿದ. ಅವರು ಕೆಂಪು ನೀರಿನ ಕಡೆ ಕೈ ತೋರಿಸಿದರು. ಆಚೆ ದಂಡೆಗೆ ಹೋಗಲು ಮಳಗಿ ಸುತ್ತಿ, ಅಲ್ಲಿನ ಸೇತುವೆ ದಾಟಿ, ಕೆಸರು ದಾರಿಯಲ್ಲಿ ಬರಬೇಕು. ವೀರೇಶ ಬೈಕ್ ಹತ್ತಿ ಹೋದ.

ಆ ಸಂಜೆಯಷ್ಟು ಉದ್ದದ ಸಂಜೆಯನ್ನು ಅಂದಾನೆಪ್ಪನವರು ಬದುಕಿನಲ್ಲಿ ಕಂಡಿರಲಿಲ್ಲ. ಮನೆಗೆ ನಡೀರಿ ಎಂದರೆ ಏಳಲಿಲ್ಲ. ಓಣಿಯ ಗಂಡಸರು ಒಬ್ಬೊಬ್ಬರಾಗಿ ದಂಡೆಗೆ ಬಂದರು. ಅವರ ಹೆಂಡಂದಿರೂ ಆಚೆ ಇದ್ದರು. ಯಾರೂ ಅಂದಾನೆಪ್ಪನವರ ಹತ್ತಿರ ಕೂಡಲಿಲ್ಲ. ಕಿಸೆಯಲ್ಲಿ ಫೋನ್ ಮತ್ತೆ ಮತ್ತೆ ಹೊಡೆದುಕೊಂಡಿತು. ತೆಗೆಯಲು ಧೈರ್ಯ ಸಾಲಲಿಲ್ಲ. ಕೊನೆಗೆ ಸಿದ್ದಲಿಂಗ ತೆಗೆದು ಕಿವಿಗೆ ಹಿಡಿದ.

"ಮಾರ್ಥಾಬಾಯಿ," ಎಂದ ಅವನು ಅಂದಾನೆಪ್ಪನವರ ಕಡೆ ತಿರುಗಿ, ಸಣ್ಣ ದನಿಯಲ್ಲಿ. "ಮಾವಿನಹಕ್ಕಲದಾಗ ಮಳಿ ಬಿದ್ದು ಭಾಳ ಹೊತ್ತಾಗಿತ್ತು, ಫೋನ್ ಹತ್ತವಲ್ದಾಗಿತ್ತು, ಗುಡ್ಡಾ ಏರಿ ಮಾಡಿದ್ನಿ, ಅರ್ಧ ತಾಸು ಉಳಿದಿಲ್ಲ ಅಂತ ಹೇಳೂವಕಿ ಇದ್ನಿ ಅನ್ನಾಕತ್ತಾಳ."

ಅಂದಾನೆಪ್ಪನವರು ಮುಖ ಮುಚ್ಚಿಕೊಂಡರು.

ದೀಪ ಹಚ್ಚುವ ಹೊತ್ತಿಗೆ ಬೈಕಿನ ಬೆಳಕು ಕಂಡಿತು. ವೀರೇಶನ ಹಿಂದೆ ಯಾರೋ ಕೂತಿದ್ದರು. ಹತ್ತಿರ ಬಂದಾಗ ನೋಡಿದರೆ ಮುದಕವ್ವ. ತಲೆಯಿಂದ ಕಾಲಿನವರೆಗೆ ಕೆಸರು, ಬಳೆ ಒಡೆದು ಮುಂಗೈಯಲ್ಲಿ ರಕ್ತ. ನಿರ್ಮಲಾ ಒಂದೇ ಎಳೆತಕ್ಕೆ ಅವಳನ್ನು ಹಿಂದಕ್ಕೆ ಎಳೆದಿದ್ದಳು. ಹಿಂದಿದ್ದವರು ಕೈ ಬಿಡದೆ ಇಬ್ಬರನ್ನೂ ದಂಡೆಗೆ ಜಗ್ಗಿದ್ದರು. ಕೊಪ್ಪೆ ಒಂದೇ ಹೋದದ್ದು. ಉಳಿದವರೆಲ್ಲ ಹೊಲದ ಗುಡಿಸಲಿನಲ್ಲಿ ಕ್ಷೇಮವಾಗಿದ್ದರು, ಟ್ರ್ಯಾಕ್ಟರಿನಲ್ಲಿ ಬರುತ್ತಿದ್ದರು.

ಅಂದಾನೆಪ್ಪನವರು ಎದ್ದು ಹೆಂಡತಿಯ ಕಡೆ ಎರಡು ಹೆಜ್ಜೆ ಇಟ್ಟರು. ದಂಡೆಯಲ್ಲಿದ್ದವರು ಫೋನಿನ ವಿಷಯ ಗುಸುಗುಸು ಮಾತಾಡುವುದು ಮುದಕವ್ವನ ಕಿವಿಗೆ ಬಿದ್ದಿತ್ತು. ಅವಳು ಕೇಳಿದಳು: "ಮಾರ್ಥಾ ಫೋನ್ ಮಾಡಿದ್ಲಂತ, ಖರೇನ್ರಿ?"

"ಮಾಡಿದ್ಲು."

"ಮತ್ತ ನಮ್ಮನ್ನ ಯಾಕ ಕರದ್ರಿ?"

ಮುದಕವ್ವ ಮನೆಗೆ ಹೋಗಿ ಮೈ ತೊಳೆದುಕೊಂಡಳು, ಗಂಡನಿಗೆ ರೊಟ್ಟಿ ಹಾಕಿಟ್ಟಳು, ಒಂದು ಮಾತೂ ಆಡದೆ ಮಲಗಿದಳು. ಬೈದಿದ್ದರೆ ಅವರಿಗೆ ಆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿತ್ತೋ ಏನೋ.

ಮರುದಿನ ನೀರು ಇಳಿದಿತ್ತು. ಬಸವಣ್ಣ ಒಂದು ಕಡೆ ವಾಲಿದ್ದ, ಕೋಡಿನಲ್ಲಿ ಹರಕು ಬೇರು ಸಿಕ್ಕಿತ್ತು. ಮಾರ್ಥಾ ನಡೆದುಕೊಂಡೇ ಬಂದಳು. ಬಂದವಳೇ ಮುದಕವ್ವನ ಎರಡೂ ಕೈ ಹಿಡಿದು ಅತ್ತಳು. ಅಂದಾನೆಪ್ಪನವರು ಅವಳನ್ನು ದಂಡೆಗೆ ಕರೆದುಕೊಂಡು ಹೋದರು.

"ಇದೆಲ್ಲಾ ನೀ ಹೇಳಿದ ಹವಾಮಾನದ್ದ ಕೆಲಸ ಏನವಾ?"

"ಈ ಒಂದು ಮಳಿ ಅದರಿಂದನ ಬಂತು ಅಂತ ನಾ ಹೇಳಾಕ ಬರೂದಿಲ್ಲ ಕಾಕಾ. ಅಂಥಾ ಮಳಿ ಮದಲೂ ಅಪರೂಪಕ್ಕ ಬರ್ತಿತ್ತು. ಆದ್ರ ಇಂಥವು ಹೆಚ್ಚಾಗಾಕತ್ತಾವು, ಅದು ಖರೆ. ಅಳದು ನೋಡಿದವ್ರು ಹೇಳ್ತಾರ."

ಅವರು ವಾಲಿದ ಬಸವಣ್ಣನ ಕಡೆ ತಿರುಗಿದರು. ಆಮೇಲೆ ಕೇಳಿದರು: "ಹಂಗಾದ್ರ ನಮ್ಮ ಬಸವಣ್ಣ ಸುಳ್ಳು ಹೇಳಿದನೇನು?"

"ಇಲ್ಲ ಕಾಕಾ. ಬಸವಣ್ಣ ತನ್ನ ಎದಿಗೆ ಬಂದ ನೀರು ಹೇಳ್ತಾನ. ಮ್ಯಾಲಿನ ಮಳಿ ಅವಗ ಕಾಣೂದಿಲ್ಲ. ಅದನ್ನ ನಾವು ನೋಡಿ ಹೇಳಬೇಕು."

ಅಂದಾನೆಪ್ಪನವರು ನೀರಿಗಿಳಿದು ಕೋಡಿನ ಬೇರು ಬಿಡಿಸಿದರು. ಊರವರು ಸೇರಿ ಬಸವಣ್ಣನನ್ನು ನೆಟ್ಟಗೆ ಕೂಡಿಸಿದರು. ಮುಂದಿನ ಗ್ರಾಮಸಭೆಯಲ್ಲಿ ಹಳ್ಳದ ಮೇಲೆ ನಡೆದು ದಾಟಲು ಕಾಲುಸಂಕ ಬೇಕು ಎಂದು ಎಲ್ಲರಿಗಿಂತ ಜೋರಾಗಿ ಕೇಳಿದವರು ಅಂದಾನೆಪ್ಪನವರು. ಹಳ್ಳದ ದಂಡೆಯ ಗಿಡಗಂಟಿ ಕಡಿಯುವುದು, ಬೇಸಿಗೆಯಲ್ಲಿ ಕಾಡಿನ ತರಗೆಲೆಗೆ ಬೆಂಕಿ ಹಚ್ಚುವುದು ಇನ್ನು ಬೇಡ ಎಂದು ನಿರ್ಮಲಾ ಹೇಳಿದಳು. ಬೇರು ಇದ್ದರೆ ಗುಡ್ಡ ನೀರನ್ನು ತಡೆದು ತಡೆದು ಬಿಡುತ್ತದೆ. ಹೊಗೆಯೂ ಅಷ್ಟು ಕಡಿಮೆಯಾಗುತ್ತದೆ. ಸಿದ್ದಲಿಂಗ ಅದಕ್ಕೂ ವಾದ ಮಾಡಿದ, ಆಮೇಲೆ ಒಪ್ಪಿದ.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಪೆಟ್ಟು ತಿಂದ ಮರುದಿನ ಯಾರಿಗಾದರೂ ಬುದ್ಧಿ ಇರುತ್ತದೆ. ನಿಜವಾದ ಪರೀಕ್ಷೆ ಬಂದದ್ದು ಆಶ್ಲೇಷಾ ಮಳೆಯಲ್ಲಿ.

ಬೆಳ್ಳಂಬೆಳಗಿನ ಬಿಸಿಲು. ಬಸವಣ್ಣನ ಕಾಲಿಗೂ ಸರಿಯಾಗಿ ನೀರಿಲ್ಲ. ಹೆಂಗಸರು ಸೆರಗು ಬಿಗಿದು ನಿಂತಿದ್ದರು. ಅಷ್ಟರಲ್ಲಿ ಮಾರ್ಥಾಳ ಫೋನ್ ಬಂತು. ಅಂದಾನೆಪ್ಪನವರು ಈ ಸಲ ಪೂರ್ತಿ ಕೇಳಿದರು, ಎರಡು ಸಲ ಕೇಳಿದರು. ಅಪಾಯದ ಗುರುತಿಗೆಂದು ಇಟ್ಟುಕೊಂಡಿದ್ದ ಕೆಂಪು ಬಟ್ಟೆಯ ಪಾವಡ ಕಿಸೆಯಿಂದ ತೆಗೆದು ದಂಡೆಯ ಗೂಟಕ್ಕೆ ಕಟ್ಟಿದರು. "ಇವತ್ತ ಯಾರೂ ಇಳಿಯೂಹಂಗಿಲ್ಲ."

ತಾಸು ಕಳೆಯಿತು. ಎರಡು ತಾಸು ಕಳೆಯಿತು. ನೀರು ಒಂದಿಷ್ಟು ಕದಡಿತು, ಬಸವಣ್ಣನ ಕಾಲು ಮುಳುಗಿತು, ಮತ್ತೆ ಇಳಿಯಿತು. ಮಳೆ ಮೇಲೆ ಗುಡ್ಡದ ಇನ್ನೊಂದು ಮಗ್ಗುಲಿಗೆ ಹೋಗಿಬಿಟ್ಟಿತ್ತು.

"ಏನ್ ಅಂದಾನೆಪ್ಪಣ್ಣಾ, ಎಲ್ಲೈತಿ ನಿನ್ನ ನೀರು?" ಎಂದ ಸಿದ್ದಲಿಂಗ. "ಇವತ್ತಿನ ಕೆಲಸಾ ಕೆಟ್ಟೋತಲ್ಲೋ!"

ಹೆಂಗಸರೂ ಗೊಣಗಿದರು. ಅಂದಾನೆಪ್ಪನವರು ಹಳ್ಳದ ಕಡೆ ನೋಡುತ್ತಲೇ ಹೇಳಿದರು:

"ಹತ್ತು ತತ್ತಿಯೊಳಗ ಇದೊಂದು ಕೆಟ್ಟ ತತ್ತಿ ಅಂತ ತಿಳಿಯೋ ಸಿದ್ದಲಿಂಗ. ಹತ್ತು ಸಲ ಪಾವಡ ಕಟ್ಟತೇನಿ, ಹತ್ತು ಸಲ ನೀನು ನಗು. ಒಂದು ಸಲ ತಡೀದ ಕರದಿದ್ನಿ. ಆವತ್ತ ಆ ಕೊಪ್ಪಿ ತೇಲಿಹೋಗೂದು ನಾ ನೋಡೇನಿ. ಇನ್ನೊಮ್ಮೆ ನೋಡೂ ಶಕ್ತಿ ನನಗಿಲ್ಲ."

ಮುದಕವ್ವ ಗುಂಪಿನಿಂದ ಹೊರಬಂದು ಗಂಡನ ಪಕ್ಕದಲ್ಲಿ ಕೂತಳು. ಸಂಚಿ ಬಿಚ್ಚಿ ಎಲೆ ತೆಗೆದು, ಸುಣ್ಣ ಹಚ್ಚಿ ಅವರ ಕೈಗಿಟ್ಟಳು. "ನೀರು ಬರಲಿಲ್ಲಲ್ಲ," ಎಂದಳು. "ಬರದಿದ್ದದ್ದ ಚಲೋ ಆತು ಬಿಡ್ರಿ."

ತಾಯಂದಿರೇ, ಅಣ್ಣಂದಿರೇ, ನಿಮ್ಮ ಊರಿನ ಹಳ್ಳದಲ್ಲೂ ಒಂದು ಗುರುತಿನ ಕಲ್ಲು ಇರಬಹುದು, ಒಂದು ಮರ ಇರಬಹುದು. ಅದನ್ನು ಬಿಡಬೇಡಿ. ಆದರೆ ಅದಕ್ಕೆ ಮೇಲಿನ ಮಳೆ ಕಾಣುವುದಿಲ್ಲ ಎಂಬುದನ್ನೂ ಮರೆಯಬೇಡಿ. ನಿಮ್ಮ ಹಳ್ಳದ ಮೇಲಿನ ಊರಿನಲ್ಲಿ ನಿಮಗೆ ಫೋನ್ ಮಾಡುವವರು ಯಾರಿದ್ದಾರೆ? ಇಲ್ಲದಿದ್ದರೆ ಇವತ್ತೇ ಒಬ್ಬರನ್ನು ಹುಡುಕಿ. ತಿಳಿನೀರು ಒಮ್ಮೆಗೇ ಕೆಂಪಾದರೆ, ಎಲೆ ಕಡ್ಡಿ ತೇಲಿ ಬಂದರೆ, ಆ ಕ್ಷಣವೇ ಹತ್ತಿರದ ದಂಡೆಗೆ ಏರಿ. ಅದು ಮನೆಯ ದಂಡೆಯೋ ಹೊಲದ ದಂಡೆಯೋ ಎಂದು ನೋಡಬೇಡಿ. ಹವಾಮಾನ ಇಲಾಖೆ ಎಚ್ಚರಿಕೆ ಕೊಟ್ಟ ದಿನ ಮಳೆ ಬರದಿದ್ದರೆ ಬೈಯಬೇಡಿ, ಎಲ್ಲರೂ ಮನೆಗೆ ಬಂದರಲ್ಲ ಎಂದು ಸಂತೋಷಪಡಿ. ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದು ಬೇಡ. ಗ್ರಾಮಸಭೆಗೆ ಹೋಗಿ ಕಾಲುಸಂಕ ಕೇಳಿ, ಗುಡ್ಡದ ಹಸಿರು ಉಳಿಸಿ.

ಇಂದು ಸಂಜೆ ನಿಮ್ಮ ಮನೆಯವರು ಆಚೆ ದಂಡೆಯಲ್ಲಿ ನಿಂತು ನಿಮ್ಮ ಕೂಗಿಗೆ ಕಾಯುತ್ತಾರೆ. ಕೂಗುವ ಮೊದಲು ಫೋನ್ ಪೂರ್ತಿ ಕೇಳಿ.